ಹೊರಡದ ಅತಿಥಿ

ಮನೆಗೆ ಬಂದ ಬೀಗರು ಎರಡು ದಿನ ಉಂಡು ಮೂರನೆಯ ದಿನ ಹೊರಟರೆ ಅವರಷ್ಟು ಸಜ್ಜನರಿಲ್ಲ. ಡಿ.ಡಿ.ಟಿ. ಎಂಬ ಬಿಳಿಯ ಪುಡಿಗೆ ಈ ಮರ್ಯಾದೆ ತಿಳಿಯದು.

ಚಿಕ್ಕೋಡಿ, ರಾಯಬಾಗ, ಅಥಣಿಗಳ ಹಿರಿಯರಿಗೆ ಅದು ಬಂದ ಕಾಲದ ನೆನಪುಂಟು. ಖಾಕಿ ಉಡುಪಿನವರು ಪಂಪು ಹೊತ್ತು ಓಣಿಗೆ ಕಾಲಿಟ್ಟರೆಂದರೆ ರೊಟ್ಟಿಯ ಬುಟ್ಟಿ, ಉಪ್ಪಿನಕಾಯಿಯ ಭರಣಿ, ಕೂಸಿನ ತೊಟ್ಟಿಲು ಎಲ್ಲವೂ ಅಂಗಳಕ್ಕೆ. ಔಷಧ ಹೊಡೆದು, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು, "ಇನ್ನ ಗ್ವಾಡಿ ಸಾರಸಬ್ಯಾಡ್ರಿ, ಯವ್ವಾ" ಎಂದು ಬೇಡಿಕೊಂಡು ಹೋಗುವರು. ಹಬ್ಬ ಹತ್ತಿರ ಬಂದಿದ್ದರೆ ಯಾವ ಗೃಹಿಣಿ ಕೇಳಿಯಾಳು? ಮರುದಿನವೇ ಕೆಮ್ಮಣ್ಣು ಸಾರಿಸಿ ಸೊಳ್ಳೆಗೆ ಅಭಯ ಕೊಡುವಳು!

ಆದರೆ ಅದು ನಗುವ ಕಾಲವಾಗಿರಲಿಲ್ಲ. ನಾವು ಚಳಿಜ್ವರವೆನ್ನುವ, ನಿಪ್ಪಾಣಿಯ ಮರಾಠಿಗರು ಹಿವತಾಪವೆನ್ನುವ ಮಲೇರಿಯ, 1947ರ ಸುಮಾರಿಗೆ ವರ್ಷಕ್ಕೆ 7.5 ಕೋಟಿ ಭಾರತೀಯರನ್ನು ನಡುಗಿಸಿ 8 ಲಕ್ಷ ಜನರನ್ನು ಒಯ್ಯುತ್ತಿತ್ತೆಂದು ಅಂದಾಜು. ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೇ, ನೆರೆಯ ಧಾರವಾಡ, ಉತ್ತರ ಕನ್ನಡಗಳಲ್ಲಿ, ಡಾ. ಡಿ. ಕೆ. ವಿಶ್ವನಾಥನ್ 1946ರಲ್ಲಿ ಮನೆಗಳ ಗೋಡೆಗೆ ಇದನ್ನು ಹೊಡೆಯಿಸಿದರು. 1953ರಲ್ಲಿ ಆ ಪದ್ಧತಿ ರಾಷ್ಟ್ರದ ಕಾರ್ಯಕ್ರಮವಾಯಿತು. 1961ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 50,000ಕ್ಕೆ ಇಳಿಯಿತು.

ಬೆಂಜೀನಿನ ಎರಡು ಉಂಗುರಗಳಿಗೆ ಒಂದೊಂದು, ಅವುಗಳ ನಡುವಿನ ಕೊಂಡಿಗೆ ಮೂರು, ಹೀಗೆ ಐದು ಕ್ಲೋರಿನ್ ಪರಮಾಣುಗಳನ್ನು ಹೊತ್ತ ಈ ವಸ್ತು ಹುಟ್ಟಿದ್ದು 1874ರಲ್ಲಿ. ಅದು ಕೀಟಗಳನ್ನು ಕೊಲ್ಲುವುದೆಂದು 1939ರಲ್ಲಿ ಕಂಡುಕೊಂಡ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್‌ಗೆ 1948ರ ನೊಬೆಲ್ ಬಹುಮಾನ ಸಂದಿತು. ಅದು ನೀರಿನಲ್ಲಿ ಕರಗದು, ಬೇಗ ಕೊಳೆಯದು. ತಿಂಗಳುಗಟ್ಟಲೆ ಗೋಡೆಯ ಮೇಲೆ ಕಾದಿದ್ದು, ರಕ್ತ ಹೀರಿ ವಿಶ್ರಮಿಸಲು ಕುಳಿತ ಸೊಳ್ಳೆಯ ಕಾಲಿನಿಂದಲೇ ಒಳಸೇರಿ ನರಗಳನ್ನು ಕೆಡಿಸುತ್ತದೆ. ಊರನ್ನು ನಡುಗಿಸಿದ ಸೊಳ್ಳೆ ತಾನೇ ನಡುಗಿ ಸಾಯುತ್ತದೆ.

ನೀರಿಗೆ ಒಲಿಯದ ಪುಡಿ ಕೊಬ್ಬಿಗೆ ಒಲಿಯುತ್ತದೆ, ಕೇಡಿರುವುದು ಅಲ್ಲಿ. ಹೊಲಕ್ಕೆ ಚೆಲ್ಲಿದ್ದು ಮೇವಿಗೆ, ಮೇವಿನಿಂದ ಎಮ್ಮೆಗೆ, ಎಮ್ಮೆಯಿಂದ ಬೆಣ್ಣೆಗೆ, ಕೊನೆಗೆ ತಾಯಿಯ ಎದೆಹಾಲಿಗೂ ಬಂದು ಸೇರಿತು. ಅಮೆರಿಕದಲ್ಲಿ ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾಗಿ, ಮರಿ ಹೊರಬರುವ ಮೊದಲೇ ಒಡೆದವು. ಇತ್ತ ಸೊಳ್ಳೆಗಳೂ ವಿಷವನ್ನು ಅರಗಿಸಿಕೊಳ್ಳಲು ಕಲಿತವು, ಕಾವಲೂ ಸಡಿಲಾಯಿತು, 1976ರಲ್ಲಿ ರೋಗಿಗಳು ಮತ್ತೆ 64 ಲಕ್ಷ! 1989ರಲ್ಲಿ ಸರಕಾರ ಬೇಸಾಯದಲ್ಲಿ ಇದನ್ನು ನಿಷೇಧಿಸಿ, ರೋಗ ಹರಡುವ ಕೀಟಗಳ ಮಟ್ಟಿಗಷ್ಟೇ ಉಳಿಸಿಕೊಂಡಿತು.

ಹಳೆಯ ಮನೆಯ ಅಟ್ಟದಲ್ಲಿ, ಹೆಸರು ಅಳಿಸಿಹೋದ ಡಬ್ಬಿಯೊಂದು ಇನ್ನೂ ಸಿಕ್ಕೀತು. ಸೊಸೆ ಅದನ್ನು ಗಟಾರಕ್ಕೆ ಸುರಿಯಹೊರಟರೆ ಅತ್ತೆ ತಡೆಯಬೇಕು. ಮುಚ್ಚಳ ಬಿಗಿದು, ಮಕ್ಕಳಿಗೆ ನಿಲುಕದಂತೆ ಇಟ್ಟು, ಆರೋಗ್ಯ ಇಲಾಖೆಯವರನ್ನು ಕೇಳುವುದೇ ಲೇಸು. ಗಟಾರದ ನೀರು ಹಳ್ಳಕ್ಕೆ, ಹಳ್ಳದ ನೀರು ಕೃಷ್ಣೆಗೆ. ಕಾಗವಾಡದ ಕಡೆಯ ಎಮ್ಮೆಗಳು ಮಧ್ಯಾಹ್ನ ಮೈ ಚಾಚಿ ಮಲಗುವುದು ಆ ನೀರಿನಲ್ಲಿಯೇ.