ರೈಲಿಲ್ಲದ ಊರಿಗೆ ರೈಲ್ವೆ ಪಿಂಚಣಿ

ನಮ್ಮ ಬೇಗಾರಿಗೆ ರೈಲು ಬಂದಿಲ್ಲ. ಬರುವ ಲಕ್ಷಣವೂ ಇಲ್ಲ. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರದವರೆಗೆ ಪುಟ್ಟ ರೈಲೊಂದು ಓಡುತ್ತಿತ್ತಂತೆ. ಅದು ನಿಂತು ಎಷ್ಟೋ ಕಾಲವಾಯಿತು. ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರಲ್ಲಿ. ಆದರೆ ರೈಲ್ವೆಯ ದುಡ್ಡು ಮಾತ್ರ ನಮ್ಮೂರಿಗೆ ತಿಂಗಳು ತಪ್ಪದೆ ಬರುತ್ತಿತ್ತು, ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ಹೆಸರಿಗೆ.

ದೊಡ್ಡಮ್ಮನ ಯಜಮಾನರು ಬೀರೂರಿನ ಕಡೆ ಗ್ಯಾಂಗ್‌ಮನ್ ಆಗಿದ್ದವರು. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ರೈಲ್ವೆಯಲ್ಲಿ ಪಿಂಚಣಿ ಎಂಬುದೇ ಇರಲಿಲ್ಲ, ಪ್ರಾವಿಡೆಂಟ್ ಫಂಡ್ ಮಾತ್ರ. 1957ರ ನವೆಂಬರಿನಲ್ಲಿ ಪಿಂಚಣಿ ಬಂದಾಗ, ಮೊದಲೇ ಸೇರಿದ್ದವರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರು. ಕೈಗೆ ಒಟ್ಟಿಗೆ ಬರುವ ಗಂಟನ್ನು ಬಿಟ್ಟು ತಿಂಗಳ ಚಿಲ್ಲರೆಗೆ ಕೈಚಾಚುವುದೇಕೆ ಎಂದು ಬಹಳ ಜನ ಫಂಡನ್ನೇ ಹಿಡಿದರು. ಇವರು ಪಿಂಚಣಿ ಹಿಡಿದರು. ಫಂಡು ಹಿಡಿದವರ ಗಂಟು ಮನೆಗೋ ಮಗಳ ಮದುವೆಗೋ ಕರಗಿತು. ಅವರ ಹೆಂಡಂದಿರಿಗೆ ಸರ್ಕಾರ ಕನಿಕರಪಟ್ಟು 1986ರಿಂದ ಲೆಕ್ಕ ಹಿಡಿದು ತಿಂಗಳಿಗೆ 150 ರೂಪಾಯಿ ಕೊಟ್ಟಿತು. ದೊಡ್ಡಮ್ಮನಿಗೆ ಮಾತ್ರ ಯಜಮಾನರು ಹೋದ ಮೇಲೂ ಕುಟುಂಬ ಪಿಂಚಣಿ ಬಂತು. ಗಂಡ ಹಾಕಿದ ಒಂದು ಸಹಿ ಹೆಂಡತಿಯ ಮುಪ್ಪನ್ನು ಕಾಯುತ್ತದೆ ಎನ್ನುವುದನ್ನು ನಾನು ಆ ಮನೆಯಲ್ಲಿ ನೋಡಿದೆ.

ದೊಡ್ಡಮ್ಮನ ಜೊತೆಗಿದ್ದವಳು ಮಗಳು. ನನಗಿಂತ ಹಿರಿಯಳು, ನಾನು ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು ಟೀಚರ್ ಎಂದೇ ಕರೆಯುವುದು. ಮೂವತ್ತು ದಾಟಿದ ಹೊಸದರಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳಿಗೆ ಸರ್ಕಾರದ ವಿಧವಾ ವೇತನ ಬರುತ್ತಿತ್ತು. 2021ರಿಂದ ಅದು ತಿಂಗಳಿಗೆ 800 ರೂಪಾಯಿ. ತಾಯಿಯ ಪಿಂಚಣಿ, ಮಗಳ ಎಂಟುನೂರು, ಸುಗ್ಗಿಯಲ್ಲಿ ಅಡಿಕೆ ಸುಲಿದ ಕೂಲಿ, ಇಷ್ಟರಲ್ಲಿ ಆ ಮನೆಯ ಒಲೆ ಉರಿಯುತ್ತಿತ್ತು.

ಕಳೆದ ವರ್ಷ ದೊಡ್ಡಮ್ಮ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಅಕ್ಕ ತಗಡಿನ ಪೆಟ್ಟಿಗೆಯ ತಳದಿಂದ ಅಪ್ಪನ ಪಿಂಚಣಿ ಪುಸ್ತಕ ತಂದು ನನ್ನ ಮುಂದಿಟ್ಟಳು. "ಟೀಚರೇ, ಇನ್ನು ಇದು ಮುಗಿದ ಹಾಗೇ ಅಲ್ವಾ?"

ಮುಗಿದಿರಲಿಲ್ಲ. ತಂದೆ ತಾಯಿ ಇಬ್ಬರೂ ಹೋದ ಮೇಲೆ ವಿಧವೆಯಾದ ಅಥವಾ ವಿಚ್ಛೇದನವಾದ ಮಗಳಿಗೂ, ಅವಳ ವಯಸ್ಸು ಇಪ್ಪತ್ತೈದು ದಾಟಿದ್ದರೂ, ಕುಟುಂಬ ಪಿಂಚಣಿ ಸಿಗುತ್ತದೆ. ಕೇಂದ್ರ ಸರ್ಕಾರ ಇದನ್ನು 2004ರಲ್ಲಿ ಮಾಡಿತು. ಮದುವೆಯೇ ಆಗದ ಮಗಳನ್ನು 2007ರಲ್ಲಿ ಸೇರಿಸಿದರು. ಎರಡು ಷರತ್ತುಗಳು ಮುಖ್ಯ. ತಂದೆ ಅಥವಾ ತಾಯಿ ಬದುಕಿರುವಾಗಲೇ ಅವಳು ವಿಧವೆಯಾಗಿರಬೇಕು. ಅವಳ ಸ್ವಂತ ವರಮಾನ ಕನಿಷ್ಠ ಪಿಂಚಣಿ ಮತ್ತು ಅದರ ತುಟ್ಟಿಭತ್ಯೆಯನ್ನು ಮೀರಬಾರದು. ಆ ಕನಿಷ್ಠ 2016ರಿಂದ 9,000 ರೂಪಾಯಿ. ಅಕ್ಕನ ಎಂಟುನೂರು ಎಲ್ಲಿ, ಆ ಒಂಬತ್ತು ಸಾವಿರ ಎಲ್ಲಿ!

ಹಾಗಾಗಿ ರೈಲ್ವೆಗೆ ಅವಳ ಎಂಟುನೂರು ಅಡ್ಡಿಯಲ್ಲ. ಆದರೆ ಎಂಟುನೂರಿಗೆ ರೈಲ್ವೆ ಅಡ್ಡಿ. ವಿಧವಾ ವೇತನ ಬೇರೆ ದಿಕ್ಕಿಲ್ಲದವರಿಗೆ ಎಂದು ಇರುವುದು. ಬೇರೆ ಪಿಂಚಣಿ ಬಂದರೆ ಅದನ್ನು ಬಿಡಬೇಕು. ಇಷ್ಟು ಕೇಳಿದ್ದೇ ಅಕ್ಕನ ಮುಖ ಬಾಡಿತು. "ಬರೋದು ಇನ್ನೂ ಬಂದಿಲ್ಲ, ಇರೋದನ್ನ ಬಿಡು ಅಂದ್ರೆ ಹ್ಯಾಗೆ? ಕೊನೆಗೆ ಎರಡೂ ಇಲ್ಲ ಅಂದ್ರೆ?" ಅವಳ ಹೆದರಿಕೆ ಸುಳ್ಳೆನ್ನುವಂತಿರಲಿಲ್ಲ. ರೈಲ್ವೆಯದು ಮಂಜೂರಾಗಿ ಕೈಗೆ ಬರುವವರೆಗೆ ಇದನ್ನು ಬಿಡಬೇಕಾಗಿಲ್ಲ, ಬಂದ ದಿನ ತಡಮಾಡದೆ ಬಿಟ್ಟುಬಿಡೋಣ ಎಂದೆ.

ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅವನು ಫೋನಿನಲ್ಲಿ ಹೇಳಿದ, ಅಲ್ಲಿಯೂ ರೈಲ್ವೆಯವರಿಗೆ 1930ರ ದಶಕದಿಂದ ಬೇರೆಯೇ ಪಿಂಚಣಿಯಂತೆ, ಉಳಿದವರಿಗೆಲ್ಲ ಸೋಶಿಯಲ್ ಸೆಕ್ಯುರಿಟಿಯಂತೆ. ಒಬ್ಬರಿಗೇ ಎರಡಕ್ಕೂ ಹಕ್ಕಿದ್ದರೆ, ರೈಲ್ವೆ ಪಿಂಚಣಿಯ ಮೊದಲ ಭಾಗದಲ್ಲಿ ಸೋಶಿಯಲ್ ಸೆಕ್ಯುರಿಟಿಯಷ್ಟನ್ನು ಕಳೆದು ಉಳಿದದ್ದನ್ನು ಕೊಡುತ್ತಾರೆ. ಎರಡನೆಯ ಭಾಗಕ್ಕೆ ಅದರಿಂದ ಕೈಹಚ್ಚುವುದಿಲ್ಲ. ಅಲ್ಲಿ ಕಳೆಯುವ ಲೆಕ್ಕ, ನಮ್ಮಲ್ಲಿ ಇದೋ ಅದೋ ಎನ್ನುವ ಲೆಕ್ಕ.

ಇನ್ನೊಂದು ಮಾತು ನನ್ನನ್ನು ಕೊರೆಯುತ್ತದೆ. ರೈಲ್ವೆ ನೌಕರನ ಹೆಂಡತಿ ನನ್ನ ಹಾಗೆ ಸರ್ಕಾರಿ ಟೀಚರ್ ಆಗಿದ್ದರೆ, ಗಂಡನ ಕುಟುಂಬ ಪಿಂಚಣಿ ಮತ್ತು ತನ್ನ ಸ್ವಂತ ಪಿಂಚಣಿ ಎರಡನ್ನೂ ಪಡೆಯಬಹುದು. ಒಂದು ಅವನು ದುಡಿದದ್ದು, ಒಂದು ಇವಳು ದುಡಿದದ್ದು, ನ್ಯಾಯವೇ. ಅಕ್ಕನೂ ದುಡಿದಿದ್ದಾಳೆ. ಇಪ್ಪತ್ತು ವರ್ಷ ಹಾಸಿಗೆ ಹಿಡಿದ ತಾಯಿಯ ಮಲಮೂತ್ರ ಬಳಿದಿದ್ದಾಳೆ, ಊರಿನ ಅರ್ಧ ಅಡಿಕೆ ಸುಲಿದಿದ್ದಾಳೆ. ಆ ದುಡಿಮೆಗೆ ಸೇವಾ ಪುಸ್ತಕ ಇಲ್ಲ, ಅಷ್ಟೇ.

ಅರ್ಜಿ ಹಾಕಿದೆವು. ತಂದೆ ತಾಯಿಯ ಮರಣಪತ್ರ, ಅವಳ ಗಂಡನದೂ ಒಂದು, ವಂಶವೃಕ್ಷ, ಆದಾಯ ಪ್ರಮಾಣಪತ್ರ. ಅಪ್ಪ ಕೊಟ್ಟ ದಾಖಲೆಯಲ್ಲಿ ಅವಳಿಗೆ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ನಿಮ್ಮ ಮನೆಯಲ್ಲಿ ಇಂಥ ಮಗಳಿದ್ದರೆ, ಪಿಂಚಣಿ ಪಡೆಯುವ ತಂದೆಯೋ ತಾಯಿಯೋ ಇರುವಾಗಲೇ ಅವಳ ಹೆಸರನ್ನು ದಾಖಲೆಗೆ ಸೇರಿಸಲು ಬರೆದುಕೊಡಿಸಿ. ಆಮೇಲಿನ ಓಡಾಟದಲ್ಲಿ ಅರ್ಧ ತಪ್ಪುತ್ತದೆ.

ಕಾಗದಗಳು ಹೋಗಿ ಬರುವುದರಲ್ಲಿ ಏಳು ತಿಂಗಳಾಯಿತು. ಆ ಏಳು ತಿಂಗಳೂ ಅಕ್ಕ ಎಂಟುನೂರನ್ನು ಬ್ಯಾಂಕಿನಿಂದ ತೆಗೆಯಲಿಲ್ಲ. ಎಲ್ಲಿ ವಾಪಸ್ ಕೇಳುತ್ತಾರೋ ಎಂದು. ಅಡಿಕೆ ಸುಲಿದೇ ಉಂಡಳು. ತಾಯಿ ಹೋದ ಮರುದಿನದಿಂದ ಲೆಕ್ಕ ಹಾಕಿ ಪಿಂಚಣಿಯ ಬಾಕಿ ಒಟ್ಟಿಗೆ ಬಂದಾಗ ಪಾಸ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು ಮೂರು ಸಲ ಓದಿಸಿದಳು.

ಮರುದಿನವೇ ವಿಧವಾ ವೇತನ ನಿಲ್ಲಿಸುವಂತೆ ಅರ್ಜಿ ಬರೆದೆ. ಅವಳು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕೆಳಮನೆ ಸೊಸೆಗೆ ಹೋದ ತಿಂಗಳು ಗಂಡ ತೀರ್ಕೊಂಡ್ನಲ್ಲ ಟೀಚರೇ. ನಂದನ್ನ ಅವಳ ಹೆಸರಿಗೆ ಮಾಡಿ ಅಂತ ಇದರಲ್ಲೇ ಬರೆಯೋಕೆ ಬರ್ತದಾ?"

ಬರುವುದಿಲ್ಲ, ಅವಳದೇ ಬೇರೆ ಅರ್ಜಿ ಆಗಬೇಕು ಎಂದೆ.

"ಹಾಗಾದ್ರೆ ಇನ್ನೊಂದು ಹಾಳೆ ತೆಗೀರಿ" ಎಂದು ಸಹಿ ಹಾಕಿ, ಅವಳನ್ನು ಕರೆತರಲು ಕೆಳಮನೆಯ ಕಡೆ ಇಳಿದಳು.