ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ

ಮೈಸೂರಿಗೆ ಹೋದವರು ಚಾಮುಂಡಿ ಬೆಟ್ಟವನ್ನೇರದೆ ಹಿಂದಿರುಗುವುದುಂಟೇ? ಆದರೆ ಮೋಟಾರು ದಾರಿಯಿರುವಾಗ ಮೆಟ್ಟಿಲು ಹತ್ತುವ ಪ್ರಯಾಸವೇಕೆಂದು ಅತ್ತಿಗೆಯವರು ಆಕ್ಷೇಪಿಸಿದರು. ಅದಕ್ಕೆ ಕಾರಣವಿತ್ತು. ಹದಿನಾರು ವರ್ಷದ ಅವರ ಮಗಳಿಗೆ ಬಾಲ್ಯದಿಂದಲೂ ಮೊದಲನೆಯ ವಿಧದ ಮಧುಮೇಹ; ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು.

"ವೈದ್ಯರು ವ್ಯಾಯಾಮ ಬೇಡವೆಂದಿಲ್ಲ, ಎಚ್ಚರ ಬೇಕೆಂದಿದ್ದಾರೆ. ನೀವು ಜೊತೆಗೆ ಬನ್ನಿ, ಚಿಕ್ಕಪ್ಪ" ಎಂದಳು ಹುಡುಗಿ.

ಬೆಟ್ಟದ ಬುಡದಲ್ಲಿ ಬೆರಳು ಚುಚ್ಚಿ ರಕ್ತದ ಸಕ್ಕರೆಯನ್ನು ನೋಡಿಕೊಂಡಳು: 148 ಮಿಲಿಗ್ರಾಂ. 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೊರಡಬೇಕಂತೆ. 250 ದಾಟಿದ್ದು ಕೀಟೋನುಗಳೂ ಕಂಡರೆ ಹೊರಡಲೇಬಾರದಂತೆ. ತಿಂಡಿಯ ಹೊತ್ತಿನ ಇನ್ಸುಲಿನ್ನನ್ನು ವೈದ್ಯರು ಹೇಳಿದಷ್ಟು ತಗ್ಗಿಸಿ, ತೊಡೆಯನ್ನು ಬಿಟ್ಟು ಹೊಟ್ಟೆಗೆ ಚುಚ್ಚಿಕೊಂಡಿದ್ದಳು. ದುಡಿಯುವ ಕಾಲು ಔಷಧವನ್ನು ಬೇಗ ಹೀರಿಕೊಳ್ಳುತ್ತದಂತೆ.

ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸುಮಾರು 1,000 ಮೆಟ್ಟಿಲುಗಳು ನಮ್ಮ ಮುಂದಿದ್ದುವು. ತಂಪು ಗಾಳಿ, ಅರಿಶಿನ ಕುಂಕುಮ ಹಚ್ಚಿದ ಕಲ್ಲುಗಳು, ಕೆಳಗೆ ಮಂಜಿನಲ್ಲಿ ಮಲಗಿದ ನಗರ. ಅರ್ಧ ದಾರಿಯಲ್ಲಿ ಅವಳು, "ಸ್ವಲ್ಪ ನಿಂತು ಪರೀಕ್ಷಿಸಲೇ?" ಎಂದಳು. "ನಂದಿಯ ಬಳಿ ನೋಡೋಣ" ಎಂದು ನಾನೇ ಅವಸರಪಡಿಸಿದೆ.

ಒಂದೇ ಬಂಡೆಯಲ್ಲಿ ಕಡೆದ ಆ ಬೃಹತ್ ನಂದಿಯ ಮುಂದೆ ಕೈಮುಗಿಯುವಾಗ ಅವಳ ಬೆರಳುಗಳು ನಡುಗುತ್ತಿದ್ದುವು. ಗಾಳಿಯಲ್ಲೂ ಹಣೆ ಬೆವರಿತ್ತು. ಯಂತ್ರ 62 ಎಂದಿತು! ನನ್ನೆದೆ ಧಸಕ್ಕೆಂದಿತು. ಅವಳು ಮಾತ್ರ ಕುಳಿತು, ಚೀಲದಿಂದ 15 ಗ್ರಾಂ ಗ್ಲೂಕೋಸ್ ಪುಡಿ ತೆಗೆದು ನೀರಿನಲ್ಲಿ ಕದಡಿ ಕುಡಿದಳು.

ದುಡಿಯುವ ಸ್ನಾಯುಗಳು ಸಕ್ಕರೆಯನ್ನು ರಭಸದಿಂದ ಸೆಳೆದುಕೊಳ್ಳುತ್ತವೆ. ಆರೋಗ್ಯವಂತರ ದೇಹ ಆಗ ತಾನಾಗಿಯೇ ಇನ್ಸುಲಿನ್ನನ್ನು ತಗ್ಗಿಸುತ್ತದೆ. ಚುಚ್ಚಿಕೊಂಡ ಇನ್ಸುಲಿನ್ನನ್ನು ಹಿಂದಕ್ಕೆ ಪಡೆಯುವುದು ಹೇಗೆ? ಅವಳು ಕೇಳಿದ ಆ ಒಂದು ನಿಲುಗಡೆಯ ಬೆಲೆ ನನಗೆ ಆಗ ತಿಳಿಯಿತು.

ಕಾಲು ಗಂಟೆಯ ಬಳಿಕ 79. "ಇಲ್ಲಿಗೆ ರಸ್ತೆಯಿದೆ, ಕಾರು ಕರೆಸೋಣ" ಎಂದೆ. "ಇನ್ನೂ ಸ್ವಲ್ಪ ಕಾಯೋಣ, ಚಿಕ್ಕಪ್ಪ" ಎಂದು ಬಿಸ್ಕತ್ತು ತಿಂದಳು. ಮತ್ತೆ ಕಾಲು ಗಂಟೆಗೆ 112. ಎದ್ದೆವು. ಈಗ ಅವಳು ನಿಂತಲ್ಲೆಲ್ಲ ನಾನೂ ನಿಂತೆ.

ಗೋಪುರದ ಮುಂದೆ ನಿಂತಾಗ ನೆನಪಾಯಿತು: 1921ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ದೊರೆಯುವ ಮುನ್ನ ಈ ರೋಗದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇವಳೋ ಬೆಟ್ಟವನ್ನೇ ಹತ್ತಿ ಬಂದಿದ್ದಳು.

ವ್ಯಾಯಾಮದ ಪ್ರಭಾವ ರಾತ್ರಿಯವರೆಗೂ ಇರುತ್ತದೆ. ನಿದ್ರೆಯಲ್ಲೂ ಸಕ್ಕರೆ ಇಳಿಯಬಹುದು. ಅತ್ತಿಗೆಯವರು ಎರಡು ಗಂಟೆಗೆ ಎದ್ದು ಮಗಳ ಬೆರಳು ಹಿಡಿದರು: 126. ದೀಪವಾರಿಸುತ್ತ, "ಮುಂದಿನ ಸಲ ನಾನೂ ಮೆಟ್ಟಿಲು ಹತ್ತುತ್ತೇನೆ" ಎಂದರು.