ಯಾವ ದಾರಿಯೂ ತಲುಪದ ಸಾಲು

ಭಟ್ಕಳ ಪೇಟೆಯಿಂದ ನಮ್ಮ ಜಾಲಿಯ ಕಡಲತೀರಕ್ಕೆ ಹೋಗುವಾಗ ಬೀಗ ಹಾಕಿದ ಮನೆಗಳು ಕಾಣುತ್ತವೆ. ಮನೆಯವರು ಗಲ್ಫಿನಲ್ಲಿದ್ದಾರೆ. ಅವುಗಳನ್ನು ಯಾರೂ ಪಾಳುಮನೆ ಎನ್ನುವುದಿಲ್ಲ. ರಜೆಗೆ ಬಂದಾಗ ಬಾಗಿಲು ತೆರೆಯುತ್ತದೆ. ಪ್ರೋಗ್ರಾಂ ಬರೆಯುವ ನನ್ನ ಕೆಲಸದಲ್ಲಿ ಇನ್ನೊಂದು ಬಗೆಯ ಮನೆಯೂ ಇದೆ: ಯಾವ ದಾರಿಯೂ ತಲುಪದ ಮನೆ.

ಫಂಕ್ಷನ್ನಿನಲ್ಲಿ ‘ರಿಟರ್ನ್’ ಎಂದು ಹೊರಬಿದ್ದ ಮೇಲೆ ಅದರ ಕೆಳಗೆ ಬರೆದ ಸಾಲು ಎಂದೂ ಓಡುವುದಿಲ್ಲ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಇದನ್ನು ಪತ್ತೆಹಚ್ಚಲು ಪ್ರೋಗ್ರಾಮಿನ ನಕ್ಷೆ ಹಾಕಿಕೊಳ್ಳುತ್ತದೆ. ಮೊದಲ ಸಾಲಿನಿಂದ ಹೊರಟು ಪ್ರತಿ ಕವಲನ್ನೂ ಹಿಡಿದು ನಡೆದು, ಮುಟ್ಟಿದ ಕಡೆಯೆಲ್ಲ ಗುರುತು ಹಾಕುತ್ತದೆ. ಗುರುತು ಬೀಳದೆ ಉಳಿದದ್ದನ್ನು ತೆಗೆದುಹಾಕುತ್ತದೆ. ಹಾಗೆಂದು ಎಲ್ಲವೂ ಅದಕ್ಕೆ ಗೊತ್ತಾಗುತ್ತದೆ ಎಂದಲ್ಲ. ಒಂದು ಸಾಲು ಎಂದಾದರೂ ಓಡೀತೇ ಎಂಬುದನ್ನು ಎಲ್ಲ ಪ್ರೋಗ್ರಾಮುಗಳಿಗೂ ತೀರ್ಮಾನಿಸಿ ಹೇಳುವ ವಿಧಾನ ಇರಲಾರದು. 1936ರಲ್ಲಿ ಅಲನ್ ಟ್ಯೂರಿಂಗ್ ಸಾಧಿಸಿದ್ದರಿಂದಲೇ ಇದು ಹೊರಡುತ್ತದೆ. ಆದ್ದರಿಂದ ಅನುಮಾನವಿದ್ದಲ್ಲಿ ಕಂಪೈಲರ್ ಸಾಲನ್ನು ಉಳಿಸಿಕೊಳ್ಳುತ್ತದೆ.

ಅನುಮಾನವೇ ಇಲ್ಲದಾಗ ಏನು ಮಾಡಬೇಕು ಎಂಬುದರಲ್ಲಿ ಭಾಷೆಗಳಿಗೆ ಒಮ್ಮತವಿಲ್ಲ. ‘ರಿಟರ್ನ್’ ಆದ ಮೇಲೆ ಸಾಲು ಬರೆದರೆ ಜಾವಾ ಅದನ್ನು ತಪ್ಪೆಂದು ತಿರಸ್ಕರಿಸುತ್ತದೆ. ಆದರೆ ‘ಇಫ್ ಫಾಲ್ಸ್’ ಎಂದು ಬರೆದು ಅದರೊಳಗೆ ಇಟ್ಟರೆ ಒಪ್ಪಿಕೊಳ್ಳುತ್ತದೆ. ತಪ್ಪು ಹುಡುಕುವಾಗ ಬೇಕಾಗುವ ಸಾಲುಗಳನ್ನು ಬರೆದವರೇ ಬೇಕೆಂದು ಮುಚ್ಚಿಟ್ಟಿರಬಹುದು ಎಂಬ ವಿವೇಕ ಅದರ ನಿಯಮದಲ್ಲಿದೆ. ಅದು ಬೀಗ ಹಾಕಿದ ಮನೆ, ಪಾಳು ಅಲ್ಲ. ಸಿ ಭಾಷೆಯ ಕಂಪೈಲರ್‌ಗಳು ಸಾಮಾನ್ಯವಾಗಿ ಎರಡನ್ನೂ ಸದ್ದಿಲ್ಲದೆ ತೆಗೆಯುತ್ತವೆ.

ಆ ಮೌನಕ್ಕೆ ತೆರಬೇಕಾದ ಬೆಲೆ 2014ರ ಫೆಬ್ರವರಿಯಲ್ಲಿ ಗೊತ್ತಾಯಿತು. ಐಫೋನು ತಾನು ಮಾತಾಡುತ್ತಿರುವ ಸರ್ವರ್ ಅಸಲಿಯೇ ಎಂದು ಪರೀಕ್ಷಿಸುವ ಕೋಡಿನಲ್ಲಿ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೊಂದು ಎರಡು ಸಲ ಬಿದ್ದಿತ್ತು. ಮೊದಲನೆಯದು ಷರತ್ತಿಗೆ ಒಳಪಟ್ಟದ್ದು. ಎರಡನೆಯದಕ್ಕೆ ಷರತ್ತೇ ಇರಲಿಲ್ಲ. ಹೀಗಾಗಿ ಅದರ ಕೆಳಗಿದ್ದ ಸಹಿಯ ಪರೀಕ್ಷೆಗೆ ಯಾವ ದಾರಿಯೂ ಉಳಿಯಲಿಲ್ಲ. ಅಲ್ಲಿಯವರೆಗೆ ದೋಷವೇನೂ ದಾಖಲಾಗದ ಕಾರಣ ಫಂಕ್ಷನ್ ‘ಎಲ್ಲ ಸರಿ’ ಎಂದೇ ಉತ್ತರಿಸುತ್ತಿತ್ತು. ನಡುವೆ ನುಸುಳಿದ ಮೋಸಗಾರನೂ ಅಸಲಿ ಎನಿಸಿಕೊಳ್ಳಬಹುದಿತ್ತು. ತಲುಪಲಾಗದ ಸಾಲಿನ ಬಗ್ಗೆ ಎಚ್ಚರಿಸುವ ಆಯ್ಕೆ ಕ್ಲ್ಯಾಂಗ್ ಕಂಪೈಲರಿನಲ್ಲಿತ್ತು. ಆದರೆ ‘ಎಲ್ಲ ಎಚ್ಚರಿಕೆಗಳನ್ನೂ ಕೊಡು’ ಎಂಬರ್ಥದ ‘ವಾಲ್’ ಆಯ್ಕೆಯಲ್ಲಿ ಅದು ಸೇರಿರಲಿಲ್ಲ, ಬೇರೆಯಾಗಿಯೇ ಕೇಳಬೇಕಿತ್ತು.

ಕಂಪೈಲರ್ ಅಲ್ಲಿ ತಪ್ಪು ಮಾಡಲಿಲ್ಲ. ಓಡದ ಸಾಲನ್ನು ತೆಗೆದರೆ ಪ್ರೋಗ್ರಾಮಿನ ಫಲಿತಾಂಶ ಬದಲಾಗುವುದಿಲ್ಲ ಎಂಬ ಅದರ ಲೆಕ್ಕ ಸರಿಯೇ. ಆದರೆ ಆ ಸಾಲನ್ನು ಓಡಲೆಂದೇ ಯಾರೋ ಬರೆದಿದ್ದರು. ಯಂತ್ರಕ್ಕೆ ಅದು ಕಸ, ಓದುವವರಿಗೆ ಬರೆದವರ ಉದ್ದೇಶದ ಸಾಕ್ಷಿ.

ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳಿಕೊಡುವುದು ಇಷ್ಟೇ: ಆ ಎಚ್ಚರಿಕೆಯನ್ನು ಕೇಳಿ ಪಡೆಯಿರಿ. ಬಂದ ಮೇಲೆ ಸಾಲನ್ನು ಅಳಿಸುವ ಮೊದಲು, ಅಲ್ಲಿಗೆ ಹೋಗಬೇಕಿದ್ದ ದಾರಿ ಎಲ್ಲಿ ತಪ್ಪಿತೆಂದು ಹುಡುಕಿ.